ಟೀ ಕುಡಿಯುವಷ್ಟು ಹೊತ್ತು

ಬಿಳಿ, ಎಲ್ಲಿ ನೋಡಿದರೂ ಬಿಳಿ, ಹೋದ ವಾರದ ಒಂದೇ ಮಳೆಗೆ ಇಡೀ ತೋಟ ಹೂಬಿಟ್ಟು ಕೂತಿದೆ, ಕಾಫಿ ಗಿಡದ ಒಂದೊಂದು ರೆಂಬೆಯೂ ಮೊಸರನ್ನ ಮೆತ್ತಿಕೊಂಡ ಮಗುವಿನ ಕೈಯ ಹಾಗೆ — ಮಗುವಿನ ಕೈ ಅಂತ ಯಾಕೆ ಅಂದುಕೊಂಡೆ, ಬೇಡ, ಹೂವು ಹೂವಿನ ಹಾಗೇ ಇರಲಿ — ಈ ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ಇಳಿಯುತ್ತದೆ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಜೇನುಹುಳಗಳ ಗುಂಯ್ ಅನ್ನುವ ಸದ್ದು ದೂರದಲ್ಲಿ ಯಾರೋ ಹಿಟ್ಟಿನ ಮಿಲ್ಲನ್ನು ನಿಲ್ಲಿಸುವುದು ಮರೆತು ಹೋದ ಹಾಗೆ. ಹೂವು ಬಾಡುವವರೆಗೆ ತೋಟದೊಳಗೆ ಯಾರೂ ಹೋಗಬೇಡಿ ಅಂತ ತೋಟದ ಲೆಕ್ಕ ಬರೆಯುವ ರೈಟರ್ ದೇವರಾಜು ಹೇಳಿದ್ದಾನೆ, ಮೈ ತಾಗಿದರೆ ಹೂವು ಉದುರುತ್ತದಂತೆ, ಅದಕ್ಕೇ ಕೆಲಸವಿಲ್ಲ, ಅದಕ್ಕೇ ನಾನು ಲೈನ್‌ಮನೆಯ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದೇನೆ. ಹಗಲು ಹೊತ್ತಿನಲ್ಲಿ ಚೋಮಿ ಸುಮ್ಮನೆ ಕೂತಿದ್ದಾಳೆ ಅಂದರೆ ನನ್ನ ಅವ್ವ ನಂಬುತ್ತಿರಲಿಲ್ಲ. ಅವ್ವ ಇಲ್ಲೇ ಬುಟ್ಟಿ ಹೊತ್ತವಳು, ನಾನು ಹುಟ್ಟಿದ್ದೂ ಇದೇ ಲೈನಿನಲ್ಲಿ, ಯಾವ ತಿಂಗಳೋ ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತ ಇದೆ, ನಮ್ಮವರೆಲ್ಲ ಜನವರಿ ಒಂದಕ್ಕೇ ಹುಟ್ಟಿದವರು, ಹೆಸರೂ ಸೋಮಿ ಅಂತ ಆಗಿದೆ, ಅದರ ಫೋಟೋದೊಳಗಿನ ಹೆಂಗಸು ಯಾರನ್ನೋ ಕಂಡು ಹೆದರಿದವಳ ಹಾಗೆ ನೋಡುತ್ತಾಳೆ.

ಮೊದಲು ಇಲ್ಲಿ ಕೂಲಿಗೆ ನಾವೇ, ಕಾಡಂಚಿನ ಹಾಡಿಯ ಜನವೇ ಇದ್ದದ್ದು. ಆಮೇಲೆ ಅವರು ಬಂದರು, ರೈಲು ಇಳಿದು ಬಸ್ಸು ಹತ್ತಿ, ಗೋಣಿಕೊಪ್ಪದಲ್ಲಿ ಜೀಪು ಹತ್ತಿ, ಮೊದಲ ವರ್ಷ ನಾಲ್ಕು ಜನ, ಈಗ ನಲವತ್ತು — ಈಗ ಅಲ್ಲ, ಈಗ ಎಲ್ಲಿದ್ದಾರೆ — ಅಸ್ಸಾಮಿನವರು ಅಂತ ದೇವರಾಜು ಹೇಳಿದ, ನಾವೂ ಹಾಗೇ ಅಂದೆವು. ಮಂಜು ಬಿಡುವ ಮೊದಲೇ ಗಿಡದ ಬುಡಕ್ಕೆ ಗೋಣಿತಾಟು ಹಾಸಿಕೊಂಡು ಕೊಯ್ಯಲು ಶುರುಮಾಡುತ್ತಿದ್ದರು, ಕೊಂಬೆಯನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ಸವರಿದರೆ ಹಣ್ಣು ಮಳೆಯ ಹಾಗೆ ಬೀಳುತ್ತಿತ್ತು, ನಾನು ಒಂದು ಚೀಲ ತುಂಬಿಸುವಾಗ ಅವರದು ಮೂರು. ಅವರಿಗೆ ಹಬ್ಬವಿಲ್ಲ, ಸಾವಿಲ್ಲ, ಊರಿಗೆ ಹೋಗಬೇಕು ಅನ್ನುವುದಿಲ್ಲ, ದೇವರಾಜುವಿಗೆ ಅದಕ್ಕೇ ಇಷ್ಟ. ಹೋದ ವರ್ಷ ಬಂದು ನಿಂತು ತಲೆ ಕೆರೆದುಕೊಂಡ, ಚೋಮಿ, ನಲ್ಲಿ ಇರೋ ಮನೆ ಬಿಟ್ಕೊಡವ್ವ, ನೀನೊಬ್ಳೇ ಅಲ್ವಾ, ಅವ್ರು ಮಗು ಮರಿ ಇಟ್ಕೊಂಡವ್ರೆ. ನನ್ನ ಅವ್ವ ಸತ್ತ ಮನೆ ಅದು. ಪಾತ್ರೆ ಚಾಪೆ ಎತ್ತಿಕೊಂಡು ಪಕ್ಕದ ಮನೆಗೆ ಬಂದೆ, ಅಲ್ಲಿಗೆ ಗಂಡ ಹೆಂಡತಿ ಮಗು ಬಂದರು, ಸೊಫಿಕ್, ಜೊಹುರಾ, ಒಂದೂವರೆ ವರ್ಷದ ಮೊಯ್ನಾ, ನನಗೆ ಹಾಗೆ ಕರೆಯಲು ಬರಲಿಲ್ಲ, ಮೈನಾ ಅಂದೆ, ಅವಳು ಓಗೊಟ್ಟಳು, ಹಕ್ಕಿಯೇ.

ಮಾರನೇ ದಿನ ಬಾಗಿಲು ತೆಗೆದರೆ ನನ್ನ ಕೊಡ ತುಂಬಿ ಹೊಸ್ತಿಲ ಮುಂದೆ ಇತ್ತು. ನಾನು ಕೇಳಿರಲಿಲ್ಲ. ಜೊಹುರಾ ನೋಡುತ್ತಿರುವಾಗಲೇ ಆ ನೀರನ್ನು ಅಂಗಳಕ್ಕೆ ಚೆಲ್ಲಿದೆ, ನನ್ನ ನಲ್ಲಿ ಕಸಿದುಕೊಂಡು ನನಗೇ ನೀರು ಕೊಡುವವಳು ಇವಳ್ಯಾರು. ಮರುದಿನವೂ ಇಟ್ಟಳು, ಮರುದಿನವೂ ಚೆಲ್ಲಿದೆ. ಮೂರನೇ ದಿನ ಬಾಯಾರಿಕೆಯಾಗಿತ್ತು, ಕುಡಿದೆ. ಆಮೇಲೆ ಒಂದು ವರ್ಷ ನಾನು ನೀರು ಹಿಡಿಯಲೇ ಇಲ್ಲ. ಅವಳು ಪದ ಕಲಿತಳು, ನೀರು, ಬೆಂಕಿ, ಅಕ್ಕ, ಸಾಕು, ಬಾ, ನಾನೂ ಒಂದೆರಡು ಕಲಿತೆ, ಭಾತ್ ಅಂದರೆ ಅನ್ನ, ಮಾಛ್ ಅಂದರೆ ಮೀನು, ಸಂತೆಯ ಮೀನಿನವನೂ ಮಾಛ್ ಮಾಛ್ ಅಂತಲೇ ಕೂಗುತ್ತಿದ್ದ, ಭಾನುವಾರದ ಸಂತೆ ಅವರದೇ ಆಗಿತ್ತು, ನಮ್ಮ ಹಾಡಿಯ ಹುಡುಗರು ಒಂದು ಬದಿಗೆ ನಿಂತು ನೋಡುತ್ತಿದ್ದರು, ಇವ್ರು ಬಂದ್ಮೇಲೆ ನಮ್ಮನ್ನ ಕರೆಯೋರೇ ಇಲ್ಲ ಅನ್ನುತ್ತಿದ್ದರು, ಅದು ಸುಳ್ಳೇನೂ ಅಲ್ಲ. ಆಷಾಢದ ಮಳೆಯಲ್ಲಿ ಒಂದು ಮಧ್ಯಾಹ್ನ, ಕೆಲಸವಿಲ್ಲ, ಒಲೆಯ ಮುಂದೆ ನಾವಿಬ್ಬರೇ, ಮಗು ನನ್ನ ಮಡಿಲಲ್ಲಿ ಮಲಗಿತ್ತು, ಜೊಹುರಾ ಬೂದಿಯನ್ನು ಅಂಗೈಯಿಂದ ಸಮ ಮಾಡಿ ಬೆರಳಲ್ಲಿ ಒಂದು ಗೆರೆ ಎಳೆದಳು, ಹೊಳೆ ಅಕ್ಕ, ದೊಡ್ಡ ಹೊಳೆ. ಗೆರೆಯ ಆ ಕಡೆ ಒಂದು ಚುಕ್ಕಿ, ನಮ್ ಮನೆ. ಚುಕ್ಕಿಯ ಮೇಲೆ ಅಂಗೈ ಒರೆಸಿದಳು, ಹೊಳೆ ತಿಂತು, ಗದ್ದೆ ತಿಂತು, ಮನೆ ತಿಂತು. ಮತ್ತೆ ಬಾಳೆದಿಂಡಿನ ತೆಪ್ಪ ಕಟ್ಟಿದ್ದು, ಕತ್ತಲಲ್ಲಿ ಈ ಕಡೆ ಬಂದದ್ದು, ಅವಳ ಅಮ್ಮ ದಡದಲ್ಲೇ ನಿಂತದ್ದು. ಅಸ್ಸಾಂ ಅಲ್ಲ ಅಕ್ಕ, ಅದರಾಚೆ. ಯಾರ್ಗೂ ಹೇಳ್ಬೇಡ. ಬೂದಿಯ ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡಳು, ತುಟಿ ಬೆಳ್ಳಗಾಯಿತು. ನಾನು ತಲೆಯಾಡಿಸಿದೆ. ಹೊರಗೆ ಮಳೆ ಎಷ್ಟು ಜೋರಾಗಿತ್ತು ಅಂದರೆ ನಾನು ಹೇಳಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ.

ಆಮೇಲೆ ಜನವರಿ, ಹಣ್ಣು ಕೆಂಪಾಗಿ ಕೊಂಬೆ ಬಾಗಿತ್ತು, ದೇವರಾಜು ಬಂದು ಹೇಳಿದ, ಈ ವರ್ಷದಿಂದ ನಿಮ್ಗೂ ಕಿಲೋ ಲೆಕ್ಕಾನೇ ಕಣವ್ವ, ದಿನಗೂಲಿ ಇಲ್ಲ, ಅಮ್ಮಾವ್ರು ಹೇಳವ್ರೆ — ಅಮ್ಮಾವರು ಅಂದರೆ ಪೊನ್ನಮ್ಮ, ತೋಟದ ಒಡತಿ, ಕೆಟ್ಟವಳಲ್ಲ, ನನ್ನ ಅವ್ವ ಸತ್ತಾಗ ಸೀರೆ ಕೊಟ್ಟಿದ್ದಳು — ಐವತ್ತು ದಾಟಿದ ಈ ಕೈಗೆ ಕಿಲೋ ಎಲ್ಲಿಂದ ಬರಬೇಕು. ಅದೇ ವಾರ ರೇಷನ್ ಅಂಗಡಿಯಲ್ಲಿ ಮಿಷನ್ನಿನ ಗಾಜಿನ ಮೇಲೆ ಹೆಬ್ಬೆರಳು ಇಟ್ಟೆ, ಕೆಂಪು ದೀಪ, ಒರೆಸಿ ಇಟ್ಟೆ, ಕೆಂಪು, ಎಡಗೈ ಇಟ್ಟೆ, ಕೆಂಪು. ಬೆರಳಲ್ಲಿ ಗೆರೇನೇ ಇಲ್ವಲ್ಲಮ್ಮ, ಕಾಫಿ ಕುಯ್ದು ಕುಯ್ದು ಸವೆದೋಗಿದೆ, ನೀನೇ ಅಂತ ಹೆಂಗೆ ಗೊತ್ತಾಗೋದು, ಮುಂದಿನ ತಿಂಗ್ಳು ಬಾ ಅಂದ ಅಂಗಡಿಯವನು. ಖಾಲಿ ಚೀಲ ಮಡಚಿ ಹೊರಗೆ ಬಂದು ಕಲ್ಲಿನ ಮೇಲೆ ಕೂತೆ, ಬಿಸಿಲು ಕಣ್ಣು ಕುಕ್ಕುತ್ತಿತ್ತು. ಪಕ್ಕದ ಹೋಟೆಲಿನಿಂದ ಒಬ್ಬ ಎದ್ದು ಬಂದ, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಬೆವರೇ ಇಲ್ಲ, ಬನ್ನಿ ಅಮ್ಮ, ಒಳಗೆ ಕೂತ್ಕೊಳ್ಳಿ, ಟೀ ಕುಡೀರಿ ಅಂದ. ಬನ್ನಿ. ಕೂತ್ಕೊಳ್ಳಿ. ಕುಡೀರಿ. ಯಾರೂ ನನಗೆ ಹಾಗೆ ಅಂದಿಲ್ಲ, ಬೆಂಚಿನ ಮೇಲೆ ಕೂರುವಾಗ ಸೀರೆ ಸರಿಮಾಡಿಕೊಂಡೆ. ಗಾಜಿನ ಲೋಟದಲ್ಲಿ ಟೀ ಬಿಸಿಯಾಗಿತ್ತು, ಸಕ್ಕರೆ ಜಾಸ್ತಿ, ಏಲಕ್ಕಿ ಬೇರೆ, ಅವನು ಅವಸರ ಮಾಡಲಿಲ್ಲ, ಕೇಳಿದ, ಹೂಂ ಅಂದ, ತಲೆಯಾಡಿಸಿದ, ನನ್ನ ಮನೆ ಹೋದದ್ದು ಕೇಳಿದ, ಗೂಲಿ ಹೋದದ್ದು ಕೇಳಿದ, ನಿಮ್ಮ ಅನ್ನ ಕಿತ್ಕೊಂಡೋರು ಯಾರಮ್ಮ ಅಂದ. ಪಕ್ಕದ ಮನೇರು ಅಂದೆ. ಅಸ್ಸಾಮಿನೋರಾ? ಅಸ್ಸಾಮಲ್ಲ, ಅದರಾಚೆ, ಹೊಳೆ ದಾಟಿ ಬಂದೋರು, ಅವಳೇ ಬೂದೀಲಿ ಬರೆದು ತೋರಿಸಿದ್ಲು. ಲೋಟದ ತಳದಲ್ಲಿ ಕರಗದ ಸಕ್ಕರೆ ಇತ್ತು, ಬೆರಳಲ್ಲಿ ತೆಗೆದು ನೆಕ್ಕಿದೆ. ಟೀ ಕುಡಿಯುವಷ್ಟು ಹೊತ್ತು, ಅಷ್ಟೇ. ಅವನು ಯಾವ ತೋಟ ಅಂತ ಕೇಳಿ ಮೊಬೈಲಿನಲ್ಲಿ ಬರೆದುಕೊಂಡ, ನನ್ನ ಹೆಸರು ಕೇಳಲಿಲ್ಲ.

ಒಂಬತ್ತನೇ ದಿನ ಪೊಲೀಸರ ಜೀಪು ಬಂತು, ಎರಡು ಜೀಪು, ಮಧ್ಯಾಹ್ನದ ಗಂಜಿಯ ಹೊತ್ತು. ಮೈನಾ ನನ್ನ ಹತ್ತಿರ ಉಣ್ಣುತ್ತಿದ್ದಳು, ಜೊಹುರಾ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದವಳು ತಲೆಯೆತ್ತಿ ನೋಡಿದಳು, ಮರುಕ್ಷಣ ನಲ್ಲಿಯ ಕೆಳಗೆ ಬಟ್ಟೆ ಮಾತ್ರ ಇತ್ತು, ಕಾಫಿ ಗಿಡಗಳ ನಡುವೆ ಒಂದು ಕೊಂಬೆ ಅಲ್ಲಾಡಿ ನಿಂತಿತು. ಕಾಫಿ ಒಣಗಿಸುವ ಕಣದಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿದರು, ಕಾರ್ಡು ತೆಗೆಸಿದರು, ಸೊಫಿಕ್‌ನನ್ನೂ ಇನ್ನು ಆರು ಜನರನ್ನೂ ಎಬ್ಬಿಸಿ ಬೇರೆ ನಿಲ್ಲಿಸಿದರು, ಇನ್ಸ್‌ಪೆಕ್ಟರು ಲೈನಿನ ಕಡೆ ನಡೆದು ಬಂದ, ಸೊಫಿಕ್‌ನ ಹೆಂಡ್ತಿ ಎಲ್ಲಿ ಅಂದ, ಗೊತ್ತಿಲ್ಲ ಸಾರ್ ಅಂದೆ, ಇದ್ಯಾರ ಮಗು ಅಂದ. ಮಗುವಿನ ಗಲ್ಲದ ಮೇಲೆ ಅನ್ನದ ಅಗುಳು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ, ನನ್ ಮೊಮ್ಮಗ್ಳು ಸಾರ್ ಅಂತು. ನಿನ್ ಕಾರ್ಡ್ ಕೊಡು. ಕಾರ್ಡು ನೋಡಿದ, ನನ್ನನ್ನು ನೋಡಿದ, ಇದು ನೀನೇನಾ? ನಾನೇ ಸಾರ್ — ಅನ್ನುವಾಗ ನನಗೇ ಅನುಮಾನ. ಅವನು ಹಿಂದೆ ನಿಂತಿದ್ದ ದೇವರಾಜುವಿನ ಕಡೆ ತಿರುಗಿದ. ದೇವರಾಜು ನೆಲ ನೋಡಿದ, ಹೌದು ಸಾರ್, ಇವ್ಳ ಮಗಳ್ದು, ಅವ್ಳು ಕುಟ್ಟದ ಕಡೆ ಕೆಲ್ಸಕ್ಕೆ ಹೋಗವ್ಳೆ. ನನಗೆ ಮಗಳೇ ಇಲ್ಲ, ಅವನಿಗೆ ಗೊತ್ತು. ಸೊಫಿಕ್‌ನನ್ನು ಜೀಪಿಗೆ ಹತ್ತಿಸುವಾಗ ಮೈನಾ ನೋಡಿಬಿಟ್ಟಳು, ಬೆರಳು ಮುಂದೆ ಚಾಚಿದಳು, ಅಪ್ಪನನ್ನು ಕೂಗಲು ಬಾಯಿ ತೆರೆದಳು, ನಾನು ಒಂದು ಹಿಡಿ ಗಂಜಿಯನ್ನ ಆ ಬಾಯಿಗೆ ತುಂಬಿದೆ, ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು. ಸೊಫಿಕ್ ಆ ಕೆಮ್ಮು ಕೇಳಿದ, ಅವನ ಕತ್ತು ಬಿಗಿಯಿತು, ತಿರುಗಲಿಲ್ಲ. ತಿರುಗಿದ್ದರೆ ಮಗುವನ್ನೂ ಹತ್ತಿಸುತ್ತಿದ್ದರು, ಅವನು ಜೀಪಿನ ಕಬ್ಬಿಣವನ್ನೇ ನೋಡುತ್ತ ಹೋದ. ಬೆಂಗಳೂರಿಗಂತೆ, ಅಲ್ಲಿಂದ ಗಡಿಗಂತೆ. ಉಳಿದವರು, ಕಾರ್ಡು ಸರಿ ಇದ್ದವರೂ, ಅವತ್ತೇ ಗಂಟು ಕಟ್ಟಿ ಹೊರಟರು.

ಅವತ್ತಿನಿಂದ ತೋಟದಲ್ಲಿ ಹಣ್ಣು ಉದುರುವ ಸದ್ದು, ಟಪ್, ಟಪ್, ಹಕ್ಕಿ ಕೂತರೂ ಸಾಕು, ನೆಲವೆಲ್ಲ ಕಪ್ಪು. ಪೊನ್ನಮ್ಮನೇ ಛತ್ರಿ ಹಿಡಿದು ಲೈನಿಗೆ ಬಂದಳು, ನೋಡು ಚೋಮಿ, ಅರ್ಧ ಕಾಫಿ ನೆಲದಲ್ಲುಂಟು, ನಿಮ್ಮ ಹಾಡಿಯವರನ್ನ ಕರಿ, ದಿನಗೂಲಿಯೇ ಕೊಡುವ, ಮೊದಲಿಗಿಂತ ಜಾಸ್ತಿ ಕೊಡುವ. ಹುಡುಗರು ನಗುತ್ತ ಬಂದರು. ಸಂತೆಯ ಮೀನಿನವನು ಮಾತ್ರ ನೊಣ ಓಡಿಸುತ್ತ ಕೂತಿದ್ದ, ಈಗ ಯಾವ ಭಾಷೆಯಲ್ಲಿ ಕೂಗಲಿ ಅಂದ. ನಲ್ಲಿಯ ಮನೆ ನನಗೇ ಬಂತು, ದೇವರಾಜು ಬೀಗದ ಕೈ ಕೊಟ್ಟ, ನನ್ನ ಮುಖ ನೋಡಲಿಲ್ಲ. ಗೂಲಿ ಬಂತು, ಮನೆ ಬಂತು, ಟೀ ಹೋಟೆಲಿನಲ್ಲಿ ಏನೇನು ಕೇಳಿದ್ದೆನೋ ಎಲ್ಲ ಬಂತು. ಕೇಳದೆ ಇದ್ದದ್ದೂ ಒಂದು ಬಂತು, ರಾತ್ರಿ ನನ್ನ ಕಿವಿ ಹಿಡಿದುಕೊಂಡೇ ಮಲಗುತ್ತಿತ್ತು, ಮೊದಲು ಅಮ್ಮ ಅಮ್ಮ ಅಂತ ಅತ್ತಿತು, ಆಮೇಲೆ ಅಜ್ಜಿ ಅನ್ನಲು ಕಲಿಯಿತು, ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಅಜ್ಜಿ ಅಂದಿರಲಿಲ್ಲ, ಜೊಹುರಾ ಬಾರದೇ ಇದ್ದರೆ — ಅಂದುಕೊಂಡೆ, ಹೌದು, ಒಂದು ಸಲ ಅಂದುಕೊಂಡೆ.

ಇವತ್ತು ಬಂದಳು, ಒಂದು ತಿಂಗಳಾದ ಮೇಲೆ. ಹಾದಿಯಲ್ಲಿ ಯಾರೋ ನಮ್ಮ ಕಡೆಯ ಹೆಂಗಸು ಬರುತ್ತಿದ್ದಾಳೆ ಅಂದುಕೊಂಡೆ, ಸೀರೆ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಹೂವಿನ ಚಿತ್ರದ ಚೀಲ, ಹತ್ತಿರ ಬಂದು ಅಕ್ಕ ಅಂದಾಗ ಗೊತ್ತಾಯಿತು. ಕೊಡ್ಲಿಪೇಟೆ ಕಡೆ ಇದ್ದಾಳಂತೆ, ಅಲ್ಲಿ ಅವಳ ಹೆಸರು ಜಯಾ ಅಂತೆ. ಮೈನಾ ನನ್ನ ಸೀರೆಯ ಹಿಂದೆ ಅವಿತುಕೊಂಡಳು, ಆ ಕುಂಕುಮ ಅವಳಿಗೆ ಗೊತ್ತಿಲ್ಲ, ಜೊಹುರಾ ಅಂಗೈಯಿಂದ ಅದನ್ನು ಒರೆಸಿ ತೆಗೆದಳು, ಏನೋ ಮೆಲ್ಲಗೆ ಹಾಡಿದ ಹಾಗೆ ಕರೆದಳು, ನನಗೆ ತಿಳಿಯದ ಮಾತು, ಮಗು ನನ್ನ ಸೀರೆ ಬಿಟ್ಟಿತು. ಬಿಟ್ಟೇಬಿಟ್ಟಿತು. ಜೊಹುರಾ ಅಳಲಿಲ್ಲ, ಮಗುವನ್ನು ಸೊಂಟಕ್ಕೆ ಎತ್ತಿಕೊಂಡಳು, ಅಕ್ಕ, ಅವತ್ತು ನಾನು ದೂರ ಇಲ್ಲ, ಅಲ್ಲೇ ಗಿಡದ ಕೆಳಗೆ ಮಲ್ಗಿದ್ದೆ, ಎಲ್ಲಾ ಕೇಳ್ದೆ, ನನ್ ಮೊಮ್ಮಗ್ಳು ಅಂದೆ ನೀನು, ಪೊಲೀಸಿಗೆ ಅಂದೆ. ಯಾರೋ ಹೇಳಿಬಿಟ್ರು ಅಕ್ಕ ನಮ್ ಬಗ್ಗೆ, ಯಾರೋ ಗೊತ್ತಿಲ್ಲ, ನೀನು ಮಾತ್ರ ನನ್ ಮಗು ಉಳಿಸ್ದೆ. ಜೊಹುರಾ, ಅಂದೆ ನಾನು. ಬಾಯಿ ತೆರೆದಿತ್ತು, ಮಾತು ನಾಲಿಗೆಯ ತುದಿಯಲ್ಲೇ ಇತ್ತು, ನಾನೇ, ಎರಡೇ ಅಕ್ಷರ. ಅವಳಿಗೆ ಬೆಲ್ಲ ಜಾಸ್ತಿ ಕೊಡ್ಬೇಡ, ಹೊಟ್ಟೇಲಿ ಹುಳ ಆಗ್ತದೆ — ಅದು ಬಂತು. ಅವಳು ಹೂಂ ಅಂದಳು, ಮಗುವನ್ನು ಸೊಂಟದಿಂದ ಇಳಿಸಿದಳು, ಬಾಗಿದಳು. ಬೇಡ ಅಂದೆ, ಹಿಂದೆ ಸರಿದೆ, ಹಿಂದೆ ಗೋಡೆ ಇತ್ತು. ಅವಳ ಎರಡು ಕೈ ನನ್ನ ಎರಡು ಪಾದದ ಮೇಲೆ.

ಆಮೇಲೆ ಹೋದರು, ಬಸ್ಸಿಗೆ ಹೊತ್ತಾಯಿತು ಅಂತ, ತಿರುವಿನಲ್ಲಿ ಮಗು ಕೈ ಆಡಿಸಿತೋ ಇಲ್ಲವೋ, ನಾನು ನೋಡಿದ್ದೆನೋ ಇಲ್ಲವೋ, ನೆಲ ನೋಡುತ್ತಿದ್ದೆ ಅನ್ನಿಸುತ್ತದೆ. ಒಳಗೆ ಒಲೆ ಹಚ್ಚಬೇಕು, ಹಚ್ಚಿ ಯಾರಿಗೆ, ಅವಳ ಎರಡು ಕೈ. ನಲ್ಲಿ ತಿರುಗಿಸಿ ಕಾಲು ತೊಳೆದೆ, ಒಂದು ಸಲ, ಮತ್ತೊಂದು ಸಲ, ಕಲ್ಲಿನಲ್ಲಿ ಉಜ್ಜಿದೆ, ತಣ್ಣನೆಯ ನೀರು, ಬಂದು ಕೂತೆ. ಇನ್ನು ನಾಲ್ಕು ದಿನ ಕೆಲಸವಿಲ್ಲ, ಆಮೇಲೆ ಮೆಣಸು ಕುಯ್ಯಬೇಕು, ಆಮೇಲೆ ಮಳೆ, ಆಮೇಲೆ — ಕಾಯಿಕಟ್ಟಿದ ಬೆರಳು, ಉಗುರಿನ ಸಂದಿಯಲ್ಲಿ ಯಾವುದೋ ಬೇರೆ ತೋಟದ ಕರೆ, ಬೆಚ್ಚಗೆ, ನನ್ನ ಪಾದದ ಮೇಲೆ, ಅವಳ ಎರಡು ಕೈ.