ಅರಳಿಮರದ ತಿರುವಿನ ಕಾವಲು

ಬಹಳ ಹಿಂದೆ, ನಮ್ಮ ಕುರಿಗಾರರ ದೇವರು ಬೀರಪ್ಪ ಕುರಿಗಳನ್ನಷ್ಟೇ ಅಲ್ಲ, ಗಿಡಮರಗಳನ್ನೂ ಕಾಯುತ್ತಿದ್ದ ಕಾಲದಲ್ಲಿ, ಒಂದೊಂದು ಎಲೆಗೂ ಒಂದೊಂದು ಕಾವಲು ಹಂಚಿಕೊಟ್ಟಿದ್ದನಂತೆ. ಬಿಸಿಲು ಹಿಡಿಯಬೇಕು, ಟೊಂಗೆಗೆ ಉಣ್ಣಿಸಬೇಕು, ಚಳಿ ಮುಗಿಯುವ ತನಕ ಕದಲಬಾರದು. ಕಾವಲು ಮುಗಿಸಿದ ಎಲೆಗೆ ಅವನೇ ತನ್ನ ಭಂಡಾರದ ಅರಿಸಿನ ಹಚ್ಚಿ ಕೆಳಗಿಳಿಸಿಕೊಳ್ಳುತ್ತಿದ್ದ. ಅದಕ್ಕೇ ಎಲೆ ಉದುರುವ ಮುಂಚೆ ಅರಿಸಿನದ ಬಣ್ಣಕ್ಕೆ ತಿರುಗುತ್ತದೆ.

"ಮತ್ತ ಹಸರ ಇದ್ದಾಗನ ಉದರಿದ್ದು?" ಎಂದು ಕೇಳಿದರೆ ಅಜ್ಜಿ ಬೋರವ್ವ, "ಅದು ಕಾವಲ ಬಿಟ್ಟು ಓಡಿ ಬಂದಿದ್ದು. ಅದಕ್ಕ ಭಂಡಾರ ಇಲ್ಲ" ಎನ್ನುತ್ತಿದ್ದಳು.

ಸಾಲೆಯ ಮಾಸ್ತರರು ಬೇರೆಯೇ ಹೇಳಿದ್ದರು. ನೀರು ಕಡಿಮೆಯಾದಾಗ ಮರ ಎಲೆಯ ಸತ್ವವನ್ನು ವಾಪಸು ಎಳೆದುಕೊಳ್ಳುತ್ತದೆ, ಹಸಿರು ಅಳಿದು ಒಳಗೆ ಅಡಗಿದ್ದ ಹಳದಿ ಕಾಣುತ್ತದೆ. ನಾನು ಎರಡನ್ನೂ ನಂಬಿದ್ದೆ.

೧೯೭೮ರ ಭಾದ್ರಪದ. ನನಗೆ ಹದಿನೇಳು. ಅಮೀನಗಡದಿಂದ ಹುನಗುಂದಕ್ಕೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ ಅರಳಿಮರವಿತ್ತು. ಟೊಂಗೆಗಳು ಬಾಗಿ, ಆಚೆಯಿಂದ ಬರುವ ಗಾಡಿಗೆ ಈಚೆಯ ರಸ್ತೆ ಕಾಣದಂತೆ ಮುಚ್ಚಿದ್ದವು. ಅಲ್ಲಿ ಕುರಿ ದಾಟಿಸುವಾಗ ಒಬ್ಬರು ಮರದ ಆಚೆ ನಿಂತು ಕಂಬಳಿ ಬೀಸುವುದು ನಮ್ಮವರ ರೂಢಿ. ಅಂದು ಆ ಕೆಲಸ ನನ್ನದು.

"ಕಡೀ ಕುರಿ ದಾಟೂತನಕ ಕದಲಂಗಿಲ್ಲ, ಏನ ಸೋಮಿ?" ಎಂದ ಕನಕಪ್ಪ ಕಾಕಾ.

"ಇಲ್ಲ ಕಾಕಾ, ಖರೇನ ನಿಂದರ್ತೇನಿ."

ನಿಂತೆ. ಬೇಲಿಯ ಮೇಲೊಂದು ಓತಿಕ್ಯಾತ ಕಂಡಿತು. ಅದು ಬಣ್ಣ ಬದಲಿಸುವುದನ್ನು ನೋಡೋಣವೆಂದು ಹಿಂದೆಯೇ ಹೊಲದೊಳಗೆ ಹೋದೆ. ಬ್ರೇಕಿನ ಸದ್ದಿಗೆ ತಿರುಗಿದಾಗ ಲಾರಿ ಅಡ್ಡ ನಿಂತಿತ್ತು. ಮೂರು ಕುರಿ ಸತ್ತಿದ್ದವು, ಕಾಕಾನ ಕಾಲು ಮುರಿದಿತ್ತು.

ದವಾಖಾನೆಯಲ್ಲಿ ಕಾಕಾ ಮೆಲ್ಲಗೆ ಹೇಳಿದ: "ನೀ ಅವತ್ತ ಮನ್ಯಾಗ ಇದ್ದಿ. ತಿಳೀತಿಲ್ಲೋ?"

ಕೇಸು ಡ್ರೈವರ್ ಅಬ್ದುಲಸಾಬನ ಮೇಲೆ ಬಿತ್ತು. ತಪ್ಪು ಸಾಬೀತಾದರೆ ಜೈಲು, ಲೈಸೆನ್ಸೂ ಹೋಗುತ್ತಿತ್ತು.

ಶಿವರಾತ್ರಿಯ ಮರುವಾರ, ಜಾಗ ನೋಡಿ ವರದಿ ಕೊಡಲು ಕೋರ್ಟು ನೇಮಿಸಿದ್ದ ವಕೀಲರು ಬಂದರು. ಅರಳಿಮರ ಬೋಳಾಗಿತ್ತು. ಟೇಪು ಹಿಡಿದು ಅಳೆದು, ಆಚೆ ನಿಂತು ನೋಡಿ, ಜೊತೆಗೆ ಬಂದಿದ್ದ ಅಬ್ದುಲಸಾಬನತ್ತ ತಿರುಗಿದರು.

"ನೂರು ಗಜದಿಂದ ಕುರಿ ಚಂದಂಗ ಕಾಣಸ್ತಾವಲ್ಲೋ! ಕಣ್ಣ ಮುಚ್ಕೊಂಡ ಹೊಡದಿದ್ದೇನು?"

"ಅವತ್ತ ಎಲಿ ಇದ್ದುವ್ರಿ ಸಾಹೇಬ್ರ."

"ಹಂಗಾರ ಎಲೀನ ಸಾಕ್ಷಿಗೆ ಕರಕೊಂಡ ಬಾ."

ಸೇರಿದವರೆಲ್ಲ ನಕ್ಕರು. ಅಬ್ದುಲಸಾಬ ಕಾಲ ಬಳಿಯ ತರಗೆಲೆಗಳನ್ನು ನೋಡುತ್ತ, "ಎಲ್ಲಾ ಉದುರಿ ಹೋಗ್ಯಾವ್ರಿ" ಎಂದ.

ಕಾಕಾ ನನ್ನನ್ನೇ ದಿಟ್ಟಿಸುತ್ತಿದ್ದ. ಆದರೂ ನಾನು ಮುಂದೆ ಬಂದೆ.

"ಎಲಿ ಇದ್ದುವ್ರಿ. ಅದಕ್ಕ ಕಾಕಾ ನನ್ನ ಆಚಿ ನಿಲ್ಲಿಸಿದ್ದ. ನಾ ಜಾಗಾ ಬಿಟ್ಟು ಹೋದ್ನಿ."

"ಹುಚ್ಚಿ ಅದು ಸಾಹೇಬ್ರ," ಎಂದ ಕಾಕಾ, "ಬರೇ ಅಜ್ಜಿ ಕತಿ ಕೇಳಿ ಬೆಳದೈತಿ."

"ಎಲ್ಲಿ ಹೋಗಿದ್ದಿ?" ವಕೀಲರು ಕೇಳಿದರು.

"ಓತಿಕ್ಯಾತದ ಹಿಂದ್ರಿ."

ಈ ಸಲ ಯಾರೂ ನಗಲಿಲ್ಲ. ಅವರು ಬರೆದುಕೊಂಡರು. ಆಗ ಅಬ್ದುಲಸಾಬ ಕೆಮ್ಮಿ, "ತಿರುವಿನ್ಯಾಗ ನಾನೂ ಹಾರ್ನ್ ಹೊಡೀಲಿಲ್ಲರಿ. ಅದನ್ನೂ ಬರಕೋರಿ" ಎಂದ. ಅದನ್ನೂ ಬರೆದರು. ನಾನು ಸಹಿ ಹಾಕಿದೆ, ಅವನು ಹೆಬ್ಬೆಟ್ಟು ಒತ್ತಿದ.

ಅವರ ಜೀಪು ಹೋಯಿತು. ರಸ್ತೆಯ ಈಚೆ ಕುರಿಗಳು ದಾಟಲು ಕಾಯುತ್ತಿದ್ದವು. ಕಾಕಾ ಕೋಲೂರಿ ಎದ್ದು, ಹೆಗಲ ಕಂಬಳಿಯನ್ನು ತೆಗೆದು ನನ್ನತ್ತ ಎಸೆದ.

ಮರದ ಆಚೆ ಹೋಗಿ ನಿಂತೆ. ಹುನಗುಂದದ ಕಡೆಯಿಂದ ಬಸ್ಸು ಬಂತು. ಕಂಬಳಿ ಬೀಸಿದೆ, ನಿಂತಿತು.

"ಎಷ್ಟೊತ್ತು ಯವ್ವಾ? ರಸ್ತಾ ನಿಮ್ಮಪ್ಪಂದೇನು?" ಡ್ರೈವರ್ ಕೂಗಿದ.

"ಕಡೀದು ದಾಟೂತನಕ್ರಿ."

ಕಡೆಯದು ಒಂದು ಮುದಿ ಕುರಿ. ರಸ್ತೆಯ ನಡುವೆ ನಿಂತು ಬಸ್ಸನ್ನು ನೋಡಿತು, ಆಮೇಲೆ ನಿಧಾನವಾಗಿ ದಾಟಿತು. ನಾನು ಕಂಬಳಿ ಇಳಿಸಿದೆ.