ಶುಕ್ರನ ದಾರಿಯಲ್ಲಿ ಒಂದು ‘ಬುಡ್ಲಾ’

೧

ಇದನ್ನು ಎಲ್ಲಿಂದ ಶುರುಮಾಡಲಿ, ನೀವೇ ಹೇಳಿ. ಆಕಾಶದಿಂದ ಶುರುಮಾಡಿದರೆ ‘ಅನಂತ ಕತ್ತಲಿನಲ್ಲಿ ಒಂದು ಒಂಟಿ ನೌಕೆ’ ಎಂದು ಬರೆಯಬೇಕಾಗುತ್ತದೆ. ಬರೆದೆ. ಓದಿದೆ. ನನಗೇ ನಾಚಿಕೆಯಾಗಿ ಹೊಡೆದುಹಾಕಿದೆ.

೨

ಚಾಮರಾಜನಗರದಿಂದ ಹೊರಡೋಣ. ಸತ್ಯಮಂಗಲದ ರಸ್ತೆಯಲ್ಲಿ, ಪುಣಜನೂರಿಗೆ ಮೊದಲು, ಗ್ರಹಯಾನಗಳಿಗೆ ದಾರಿ ತೋರಿಸುವ ಕೇಂದ್ರವೊಂದಿದೆ. (ಹುಡುಕಿಕೊಂಡು ಹೋಗಬೇಡಿ. ನಾನೇ ಕಟ್ಟಿಸಿದ್ದು, ನಿನ್ನೆ ಸಂಜೆ. ಕಥೆಯಲ್ಲಿ ಕಟ್ಟಡ ಎಬ್ಬಿಸಲು ಯಾರ ಸಹಿಯೂ ಬೇಕಿಲ್ಲ.) ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿ ಪುಟ್ಟಬಸಪ್ಪನವರ ಮಗಳು ಕಾವ್ಯಶ್ರೀ ಅಲ್ಲಿ ನ್ಯಾವಿಗೇಶನ್ ಇಂಜಿನಿಯರ್. ಶುಕ್ರಗ್ರಹಕ್ಕೆ ಹೊರಟ ನೌಕೆ ಈಗ ಎಲ್ಲಿದೆ, ಎತ್ತ ವಾಲುತ್ತಿದೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಮದುವೆಮನೆಯಲ್ಲಿ ಯಾರಾದರೂ “ಏನಮ್ಮಿ ನಿನ್ ಕೆಲ್ಸ?” ಎಂದರೆ, “ಡ್ರೈವರಿಗೆ ದಾರಿ ಹೇಳೋದು. ಆದ್ರೆ ಗಾಡೀಲಿ ಡ್ರೈವರೇ ಇಲ್ಲ” ಎನ್ನುತ್ತಾಳೆ. ಆಮೇಲೆ ಯಾರೂ ಕೇಳುವುದಿಲ್ಲ.

೩

ಅವಳ ರೂಪದ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಅವಳೇ ಅಡ್ಡ ಬಂದಳು.

“ಸಾರ್, ಅಲ್ಲಿ ನೌಕೆ ಓಡ್ತಾ ಅದೆ. ನೀವು ನನ್ ಜಡೆ ಅಳೀತಾ ಕೂತಿದ್ದೀರಲ್ಲ!”

ತೆಗೆದೆ.

೪

ನಡೆದದ್ದು ಇಷ್ಟು. ನೌಕೆ ದಾರಿ ಬಿಟ್ಟು ವಾಲುತ್ತಿದೆ ಎಂದು ಹಿಂದಿನ ದಿನದ ಲೆಕ್ಕ ಹೇಳಿತ್ತು. ಅದರ ಪುಟ್ಟ ಇಂಜಿನ್ ಉರಿಸಿ ಒಂಚೂರು ತಳ್ಳಬೇಕೆಂದು ಕಮ್ಯಾಂಡ್ ಸಿದ್ಧವಾಗಿತ್ತು. ಬೆಳಿಗ್ಗೆ ಕಾವ್ಯಶ್ರೀ ಮತ್ತೆ ಲೆಕ್ಕ ಹಾಕಿದಳು. ವಾಲಿದ್ದು ನೌಕೆಯಲ್ಲ, ನಮ್ಮ ಅಳತೆ! ಈಗ ತಳ್ಳಿದರೆ ಸರಿಯಾಗಿ ಹೋಗುತ್ತಿರುವುದು ಸೀದಾ ಶುಕ್ರನ ಬೆಂಕಿಗೆ ಬೀಳುತ್ತದೆ.

ಕಮ್ಯಾಂಡ್ ಕಳಿಸುವ ಸೀಟಿನಲ್ಲಿದ್ದವನು ಉಮ್ಮತ್ತೂರಿನ ಮಹಾಲಿಂಗ. ಹೆಡ್‌ಸೆಟ್ಟಿನಲ್ಲಿ ‘ಗೋ’ ಇಲ್ಲವೇ ‘ನೋ ಗೋ’ ಎಂದೇ ಹೇಳಬೇಕು, ಕೇಳಿಸಿಕೊಂಡವನು ಅದನ್ನೇ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳಬೇಕು. ಅದು ರೂಲು. ಒಂದೇ ಜಿಲ್ಲೆಯ ಇಬ್ಬರು ಮಾತಿಗೆ ಕೂತರೆ ರೂಲು ಯಾವ ಲೆಕ್ಕ.

“ಅಕ್ಕೋ, ಆ ತಳ್ಳೋದು ಏನ್ ಮಾಡನ?”

“ಬುಡ್ಲಾ.”

ಕಳಿಸಿಬಿಟ್ಟ.

೫

ಅವಳ ಪ್ರಕಾರ ಬುಡು ಎಂದರೆ ಕೈಬಿಡು, ಅದರ ಸುದ್ದಿಗೆ ಹೋಗಬೇಡ. ಅವನ ಪ್ರಕಾರ ಅದು ಉಮ್ಮತ್ತೂರಿನ ಬಸ್ಸಿನ ಬಾಗಿಲು ತಟ್ಟಿ ಕಂಡಕ್ಟರ್ ಕೂಗುವ ಬುಡು. ಹೊರಡು ಅಂತ. (ಇಬ್ಬರೂ ಸರಿ. ಅದೇ ತೊಂದರೆ.)

ಕಾವ್ಯಶ್ರೀ ಹಿಂದೆಯೇ ‘ನಿಲ್ಲಿಸು’ ಎಂಬ ಕಮ್ಯಾಂಡನ್ನು ಅಟ್ಟಿದಳು. ಆದರೆ ಎರಡೂ ಓಡುವುದು ಬೆಳಕಿನ ವೇಗದಲ್ಲೇ, ಹಿಂದಿನದು ಮುಂದಿನದನ್ನು ಹಿಡಿಯುವುದಿಲ್ಲ. ಮೊದಲನೆಯದು ಮುಟ್ಟಿದ ಕೂಡಲೇ ಇಂಜಿನ್ ಉರಿಯುತ್ತದೆ, ಎರಡನೆಯದು ಮುಟ್ಟುವ ತನಕ ಉರಿಯುತ್ತಲೇ ಇರುತ್ತದೆ. ಅಷ್ಟರಲ್ಲಿ ಎಷ್ಟು ತಳ್ಳಿತು ಎಂಬುದು ಅಲ್ಲಿಂದ ಉತ್ತರ ಬಂದಮೇಲೇ ಗೊತ್ತಾಗಬೇಕು. ಮಹಾಲಿಂಗ ಬೆವರುತ್ತಿದ್ದ. ಅವಳಿಗೆ ಅವನ ಮೇಲೆ ರೇಗಿತು, ಮುಖ ನೋಡಿ ಅಯ್ಯೋ ಅನ್ನಿಸಿತು, ಕೊನೆಗೆ ತನ್ನ ಬಾಯಿಯ ಮೇಲೇ ಸಿಟ್ಟು ಬಂತು.

೬

ಮೇಲಧಿಕಾರಿ ಚಂದ್ರಕುಮಾರ್ ಧಾರವಾಡದ ಕಡೆಯವರು. ರೆಕಾರ್ಡಿಂಗ್ ಹಾಕಿಸಿ ಕೇಳಿದರು. ಮತ್ತೆ ಹಾಕಿಸಿದರು.

“ಬುಡು ಅಂದ್ರ ಏನ್ರೀ? ಗಿಡದ ಬುಡಾ ಏನು?”

“ಬಿಡು ಅಂತ ಸಾರ್,” ಎಂದಳು ಕಾವ್ಯಶ್ರೀ.

“ಬಿಡು ಅಂದ್ರ ಕಳಸೂದೋ, ಬ್ಯಾಡ ಅನ್ನೂದೋ? ತಪ್ಪು ಯಾರದಂತ ಮ್ಯಾಲಿನವ್ರಿಗೆ ಒಂದ ಹೆಸರು ಹೇಳಬೇಕ್ರೀ ನಾ.”

ಅಂದರೆ, ಕಾವ್ಯಶ್ರೀ ‘ಬೇಡ ಅಂತಲೇ ಅಂದೆ’ ಎಂದರೆ ಸಾಕು, ಮಹಾಲಿಂಗನ ಕೆಲಸ ಹೋಗುತ್ತದೆ. ಅವಳದು ಉಳಿಯುತ್ತದೆ. ಬಾಯಿ ತೆರೆದಳು. ಆಗ ಅಪ್ಪನ ಈರುಳ್ಳಿ ಮಂಡಿ ನೆನಪಾಯಿತು. ಲೋಡಾದ ಲಾರಿಯ ಹಿಂಬಾಗಿಲು ತಟ್ಟಿ ಅಪ್ಪ “ಬುಡ್ಲಾ!” ಎಂದರೆ ಲಾರಿ ಕೇರಳದ ದಾರಿ ಹಿಡಿಯುತ್ತಿತ್ತು. ಅದನ್ನು ಕೇಳಿಕೊಂಡೇ ಬೆಳೆದವಳು ಅವಳು.

“ಎರಡು ಅರ್ಥಾನೂ ನಂಗೆ ಗೊತ್ತಿತ್ತು ಸಾರ್. ನೋ ಗೋ ಅನ್ಬೇಕಿತ್ತು, ಅನ್ಲಿಲ್ಲ. ನನ್ ಹೆಸ್ರೇ ಹೇಳಿ.”

“ನಾನೂ ತಿರುಗಿಸಿ ಕೇಳ್ನಿಲ್ವಲ್ಲಕ್ಕ,” ಎಂದ ಮಹಾಲಿಂಗ.

(ಈ ಜಾಗದಲ್ಲಿ ಇಬ್ಬರಿಗೂ ಒಂದು ದೊಡ್ಡ ಜಗಳ ಇಟ್ಟಿದ್ದೆ. ಕೆಡಿಸಿಬಿಟ್ಟರು.)

೭

ಸರಿ, ಮುಗಿಸಬೇಕಲ್ಲ. ಒಂದು ಮುಕ್ತಾಯ: ನೌಕೆ ಸುಟ್ಟುಹೋಯಿತು, ಇಬ್ಬರೂ ಮನೆಗೆ ಹೋದರು.

“ಸಾ, ನನ್ನ ಉಮ್ಮತ್ತೂರ್ ಬಸ್ ಅತ್ತಿಸ್ಬುಟ್ಟು ನೀವು ಆರಾಮಾಗಿ ಕಾಪಿ ಕುಡೀತೀರಾ?” ಎಂದ ಮಹಾಲಿಂಗ.

ಇನ್ನೊಂದು: ಹಳೆಯ ಲೆಕ್ಕವೇ ಸರಿಯಿತ್ತು, ತಪ್ಪಾಗಿ ಹೋದ ಕಮ್ಯಾಂಡೇ ನೌಕೆಯನ್ನು ಉಳಿಸಿತು. ಕಾವ್ಯಶ್ರೀ ಕೆಂಡವಾದಳು. “ಕಥೆ ಚೆನ್ನಾಗಿ ಮುಗೀಲಿ ಅಂತ ನನ್ ಲೆಕ್ಕಾನೇ ತಪ್ಪು ಮಾಡ್ತೀರಾ? ಸರಿಯಾಗೇ ಇತ್ತು ಕಣ್ರೀ!”

ಮೂರನೆಯದು ನನಗೆ ಹೊಳೆಯಲಿಲ್ಲ.

೮

ಪರದೆಯ ಮೇಲಿನ ಗೆರೆ ಅಲುಗಿತು. ನೌಕೆಯ ಉತ್ತರ ಬರುತ್ತಿದೆ. ಮಹಾಲಿಂಗ ಕಣ್ಣು ಮುಚ್ಚಿದ. ಕಾವ್ಯಶ್ರೀ ರೆಪ್ಪೆ ಬಡಿಯಲಿಲ್ಲ.

“ಕಾವ್ಯಶ್ರೀ,” ಎಂದೆ ಮೆಲ್ಲಗೆ, “ಈ ಕಥೆಯನ್ನು ಏನು ಮಾಡಲಿ?”

ತಿರುಗಿಯೂ ನೋಡದೆ ಅಂದಳು: “ಬುಡಿ ಸಾರ್.”

ತಿರುಗಿಸಿ ಕೇಳಬೇಕಿತ್ತು. ಕೇಳಲಿಲ್ಲ, ನಿಮಗೆ ಕಳಿಸಿಬಿಟ್ಟೆ. ಆಮೇಲೆ ಗಾಬರಿಯಾಗಿ ಹಿಂದೆಯೇ ‘ಓದಬೇಡಿ’ ಅಂತ ಇನ್ನೊಂದನ್ನು ಅಟ್ಟಿದ್ದೇನೆ. ಅದು ನಿಮಗೆ ಇನ್ನೂ ಮುಟ್ಟಿರುವುದಿಲ್ಲ.