ಐದೂವರೆ ಬಂದದೆ

ವಡೆ ಎಣ್ಣೆ ವಾಸ್ನೆ ಕಿಟಕಿಗೇ ಬಂತು, ಮದ್ದೂರು ಬುಡ್ತಾ ಅದೆ ರೈಲು, ಇನ್ನು ಅನಕೆರೆ, ಅಲ್ಲಿ ಇಳಿಯೋದ್ರೊಳಗೆ ಬಾಯಿ ಬುಡಬೇಕು ನಾನು, ಎಂಗೆ ಬುಡ್ಲಿ, ಎದುರಿಗೆ ಕೂತವ್ರೆ ನಮ್ ಯಜಮಾನ್ರು, ಮಗಳು ಬಿಂದು ಅಪ್ಪ, ಲಿವರ್ ಕುಯ್ದು ಕ್ಯಾನ್ಸರ್ ಗಡ್ಡೆ ತೆಗೆದು ನಾಕು ತಿಂಗಳು, ಇವತ್ತಿನ ರಕ್ತದ ಚೀಟಿ ಮೊಣಕಾಲ ಮ್ಯಾಲೆ ಆಸ್ಕೊಂಡು ನಗ್ತಾವ್ರೆ — ನೋಡಮ್ಮಿ, ಆಪರೇಸನ್ ಟೈಮಲ್ಲಿ ಎರಡಿತ್ತು, ಈಗ ಐದೂವರೆ ಬಂದದೆ — ಅಯ್ಯೋ ನನ್ ದ್ಯಾವ್ರೇ, ಇಪ್ಪತ್ತೆರಡು ವರ್ಸ ಡೈರೀಲಿ ಆಲಿನ ಫ್ಯಾಟು ನೋಡಿದ ಕಣ್ಣು ಅದು, ಮೂರು ಬಂದ್ರೆ ನೀರು ಬೆರೆಸ್ದೇನ್ಲಾ ಅಂತ ಬಯ್ಯೋರು, ಐದು ದಾಟಿದ್ರೆ ಭೇಷ್ ಅನ್ನೋರು, ಜಾಸ್ತಿ ಬಂದ್ರೆ ಒಳ್ಳೇದು, ಅಷ್ಟೇ ಗೊತ್ತು ಆ ಜೀವಕ್ಕೆ. ಅವರ್ನ ಆಚೆ ಕೂರ್ಸಿ ಡಾಕ್ಟ್ರು ನಂಗೆ ಅಂದ್ರಲ್ಲ, ನೋಡಿಯಮ್ಮಾ, ರಕ್ತದಲ್ಲಿ ಉರಿ ಎಬ್ಬಿಸೋ ಬಿಳಿ ಕಣ ಬೇರೆ, ಕ್ಯಾನ್ಸರ್ ಜೊತೆ ಹೊಡೆದಾಡೋ ಬಿಳಿ ಕಣ ಬೇರೆ, ಆ ಉರಿ ಕಣ ಈ ಹೊಡೆದಾಡೋ ಕಣಕ್ಕಿಂತ ಎಷ್ಟು ಪಟ್ಟು ಅನ್ನೋದು ಈ ನಂಬರು, ಏರಿದಷ್ಟೂ ಕೆಟ್ಟದ್ದು, ಸ್ಕ್ಯಾನಲ್ಲೂ ಮತ್ತೆ ಗಡ್ಡೆ ಕಾಣ್ತಿದೆ, ದೀಪಾವಳಿ ದಾಟೋದು ಕಷ್ಟ — ನಾನು ಊ ಅಂದೆ, ಸೆರಗು ಬಾಯಿಗೆ ತುರುಕ್ಕೊಂಡು ಊ ಅಂದೆ.

ಅಂದ್ಬುಡ್ತೀನಿ, ಈಗ್ಲೇ ಅಂದ್ಬುಡ್ತೀನಿ — ಅಷ್ಟ್ರಲ್ಲಿ ಫೋನು ಕಿವಿಗಿಟ್ಕೊಂಡ್ರು, ಮಳವಳ್ಳಿ ಬೀಗರಿಗೆ, ಮರಿಸಿದ್ದಯ್ಯಣ್ಣಂಗೆ, ಬರೋ ಶ್ರಾವಣಕ್ಕೆ ಬಿಂದುಶ್ರೀ ಮದ್ವೆ ಗೊತ್ತಾಗಿತ್ತಲ್ಲ — ಆತುರ ಬ್ಯಾಡ ಕಣಣ್ಣ, ಎದರ್ಕೊಂಡು ಬಿರ್ನೆ ಇಟ್ಟಿದ್ದು, ಈಗ ರಿಪೋಲ್ಟು ಚೆಂದಾಗದೆ, ಉಗಾದಿ ಕಳೀಲಿ, ಮೈ ತುಂಬ್ಕೊಂಡು ನಾನೂ ಇವಳೂ ಜೊತೇಲಿ ನಿಂತು ಧಾರೆ ಎರೀತೀವಿ — ಅಂತಾವ್ರೆ. ಫೋನ್ ಕಿತ್ಕೊ ನಾಗಮಣಿ, ಕಿತ್ಕೊಳೇ ಅಂತ ನಂಗೆ ನಾನೇ ಅಂದ್ಕೊಂಡ್ರೂ ಕೈ ಏಳ್ತಿಲ್ಲ, ಅಲ್ವೇನಮ್ಮಿ ಅಂತ ನನ್ ಕಡೆ ತಿರುಗವ್ರೆ, ನಾಕು ತಿಂಗಳಿಂದ ಇಂಗೆ ನಕ್ಕಿರ್ಲಿಲ್ಲ ಈ ಮನ್ಸ, ಊ ಕಣ್ರೀ ಅಂದ್ಬುಟ್ಟೆ, ಥೂ ನನ್ ಬಾಯಿಗೆ ಮಣ್ಣಾಕ, ಅಂದ್ಬುಟ್ಟೆ. ಆ ಕಡೆ ಒಪ್ಕೊಂಡ್ರಂತೆ. ನಾಳೆ ನಾನು ಬ್ಯಾಡ, ಶ್ರಾವಣಕ್ಕೇ ಮಾಡವ ಅಂದ್ರೆ ಯಾಕೆ ಅಂತಾರೆ, ಏನನ್ಲಿ, ನೀವಿರಕಿಲ್ಲ ಅನ್ಲಾ? ಗಂಡ ಇಲ್ದೋಳು ಧಾರೆ ತಂಬಿಗೆ ಮುಟ್ಟಂಗಿಲ್ಲ ನಮ್ಮಲ್ಲಿ, ಕಂಬದ ಇಂದೆ ನಿಂತ್ಕೊಂಡು ನೋಡಬೇಕು, ಮಗಳ ಕೈ ಕಾಣ್ತದೆ, ಆ ಉಡುಗನ ಕೈ ಕಾಣ್ತದೆ, ತಂಬಿಗೆ ಬಗ್ಗಿಸ್ತಾವ್ರೆ, ನೀರು ಬೀಳ್ತಾ ಅದೆ — ಅನಕೆರೆ ಬಂತು, ಚೀಲ ತಕಾ, ಏಳಮ್ಮಿ — ನೀರು ಬೀಳ್ತಾ ಅದೆ, ತಂಬಿಗೆ ಇಡ್ಕೊಂಡಿರೋ ಕೈ ಅವರದಲ್ಲ, ನಂದೂ ಅಲ್ಲ, ನೀರು ಬೀಳ್ತಾ ಅದೆ, ಆ ಕೈ ಯಾರದು, ಆ ಕೈ —